ಅಟ್ಟದ ಮೇಲಿದ್ದ ಅಜ್ಜಿಯ ಕಾಯಿ

ಹಂದನಕೆರೆ ಹತ್ತಿರದ ನಮ್ಮ ಅಣ್ಣನ ತೆಂಗಿನ ತೋಟಕ್ಕೆ ಸಾವಯವ ಪ್ರಮಾಣಪತ್ರ ಬಂದ ಮೇಲೆ, ಅತ್ತಿಗೆ ಕೊಬ್ಬರಿ ಚಟ್ನಿಪುಡಿ ಮಾಡಿ ಮಾರಲು ಹೊರಟರು. ತಿಪಟೂರಿನ ಅಂಗಡಿಯವರೊಬ್ಬರು ಸಾವಯವ ಪದಾರ್ಥಗಳ ಕಪಾಟಿನಲ್ಲಿ ಜಾಗ ಕೊಡಲು ಒಪ್ಪಿದ್ದರು. ಅತ್ತಿಗೆ ಹಸಿರು ಬಣ್ಣದ ಲೇಬಲ್ ಕೂಡ ಅಚ್ಚು ಹಾಕಿಸಿ ಇಟ್ಟುಕೊಂಡಿದ್ದರು. ಅಂಟಿಸುವುದಕ್ಕೆ ಒಂದು ಒಪ್ಪಿಗೆ ಮಾತ್ರ ಬಾಕಿ. ತೋಟದ ಪತ್ರ ತೋಟಕ್ಕಷ್ಟೇ. ಪುಡಿಗೆ ಬೇರೆ ತಪಾಸಣೆ.

ತಪಾಸಣೆಯ ದಿನ ನಾನು ಅಲ್ಲೇ ಇದ್ದೆ. ಬಂದಾಕೆ ಚಿಕ್ಕ ವಯಸ್ಸಿನ ಹುಡುಗಿ, ಮಾತು ಖಚಿತ. ಉಪ್ಪು, ನೀರು ಬಿಟ್ಟು ಉಳಿದದ್ದರಲ್ಲಿ ತೂಕದ ಪ್ರಕಾರ ನೂರಕ್ಕೆ ತೊಂಬತ್ತೈದು ಭಾಗವಾದರೂ ಪ್ರಮಾಣಪತ್ರ ಇರುವ ಸಾವಯವ ಪದಾರ್ಥವೇ ಆಗಿರಬೇಕು ಎಂದಳು. ಅತ್ತಿಗೆ ಇದಕ್ಕೆ ಸಿದ್ಧವಾಗಿಯೇ ಇದ್ದರು. ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು ಎಲ್ಲವನ್ನೂ ಚೀಲದ ಸಮೇತ ಸಾಲಾಗಿ ತೋರಿಸಿದರು. ಹುಡುಗಿ ತಲೆಯಾಡಿಸುತ್ತಾ ಬಂದು, ಕೊನೆಗೆ ಕತ್ತೆತ್ತಿ ಅಟ್ಟ ನೋಡಿದಳು.

ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಟ್ಟ ಸೂರಿನವರೆಗೆ ತುಂಬಿತ್ತು.

"ಇಷ್ಟೂ ನಿಮ್ಮ ತೋಟದ್ದೇನಾ?"

"ಪಕ್ಕದ್ಮನೆ ಅಜ್ಜೀದೂ ಸೇರೈತೆ ಕಣವ್ವ. ಅವರ ಅಟ್ಟ ಸೋರ್ತಿತ್ತು, ಇಲ್ಲೇ ಹಾಕ್ಕಳಿ ಅಂದೆ," ಎಂದರು ಅತ್ತಿಗೆ.

ಇಲ್ಲಿ ಯಾರಾದರೂ ಹಾಗೇ ಅನ್ನುತ್ತಾರೆ. ಅಟ್ಟದಲ್ಲಿ ಜಾಗವಿದ್ದೂ ಇಲ್ಲವೆಂದರೆ ಮಾತು ಬಿಟ್ಟಂತೆ. ಆದರೆ ಅಜ್ಜಿಯ ತೋಟಕ್ಕೆ ವರ್ಷವರ್ಷ ಯೂರಿಯಾ ಬೀಳುತ್ತದೆ.

ಯಾರದು ಯಾವುದೆಂದು ಹೇಳಲು ಅಜ್ಜಿಯನ್ನೇ ಕರೆಸಿದರು. ಅಣ್ಣ ಏಣಿ ಮೇಲಿಂದ ಒಂದೊಂದೇ ಕಾಯಿ ಕೊಟ್ಟ. ಅಜ್ಜಿ ಕಿವಿಯ ಹತ್ತಿರ ಅಲುಗಿಸಿ ತೀರ್ಪು ಕೊಡತೊಡಗಿದರು.

"ಇದು ನಂದು. ಇದೂ ನಂದೇಯ. ಈ ಸಣ್ಣದು ನಿಮ್ದು."

"ಅಲ್ಲ ಕಣಜ್ಜಿ, ದಪ್ಪನಾಗಿರೋವೆಲ್ಲ ನಿಂದೇನಾ?" ಅಂದ ಅಣ್ಣ.

"ಗೊಬ್ಬರ ಹಾಕಿರೋಳು ನಾನಲ್ವೇನ್ಲಾ?"

ಹುಡುಗಿಯೂ ನಕ್ಕಳು. ಆದರೆ ಒಪ್ಪಿಗೆ ಕೊಡಲಿಲ್ಲ. "ತೋಟ ಸಾವಯವವೇ ಆಂಟಿ, ಅದರಲ್ಲಿ ಅನುಮಾನ ಇಲ್ಲ. ಈ ಪುಡಿಗೆ ಮಾತ್ರ ಹಂಗನ್ನೋಕಾಗಲ್ಲ. ಬೆರೆತು ಹೋಗಿದೆ."

ಸಾವಯವ ಎಂಬ ಪದದ ಅರ್ಥ ನನಗೆ ಸರಿಯಾಗಿ ತಿಳಿದದ್ದು ಆವತ್ತೇ. ಪೊಟ್ಟಣದ ಮೇಲೆ ಸಾವಯವ ಎಂದಿದ್ದರೆ ರುಚಿಯಾಗಿದೆ ಎಂದಲ್ಲ. ಉಪ್ಪು, ಎಣ್ಣೆ, ಸಕ್ಕರೆ ಕಡಿಮೆ ಎಂದೂ ಅಲ್ಲ. ರಾಸಾಯನಿಕ ಗೊಬ್ಬರ, ಔಷಧಿ ಹಾಕದೆ ಬೆಳೆದು, ಗಿಡದಿಂದ ಪೊಟ್ಟಣದವರೆಗೆ ಬೇರೆಯದು ಬೆರೆಯದಂತೆ ಕಾದಿದ್ದಾರೆ, ಅದಕ್ಕೆ ದಾಖಲೆ ಇದೆ ಎಂದಷ್ಟೆ.

ಅಂಗಡಿಯವರಿಗೆ ಅತ್ತಿಗೆಯೇ ಫೋನ್ ಮಾಡಿದರು. "ಲೇಬಲ್ ಹೆಂಗೂ ಐತಲ್ಲಮ್ಮ, ಅಂಟ್ಸಿ ಕಳ್ಸಿ. ಯಾರು ನೋಡ್ತಾರೆ?" ಎಂದರು ಅವರು.

"ನೋಡ್ಲಿ ಅಂತಾನೇ ಅಲ್ವೇನ್ರೀ ಅಂಟ್ಸೋದು?" ಎಂದು ಅತ್ತಿಗೆ ಫೋನ್ ಇಟ್ಟರು. ಲೇಬಲ್ಲಿನ ಕಟ್ಟು ಬೀರುವಿಗೆ ಹೋಯಿತು. ಪುಡಿ ಬರೀ ಪೊಟ್ಟಣದಲ್ಲಿ ಹೋಗಿ, ರಸ್ಕು ಬಿಸ್ಕತ್ತಿನ ಪಕ್ಕ ಕೂತು, ಚೆನ್ನಾಗಿಯೇ ಖರ್ಚಾಯಿತು.

ಅಜ್ಜಿಯ ಅಟ್ಟವನ್ನು ಅಣ್ಣನೇ ನಿಂತು ರಿಪೇರಿ ಮಾಡಿಸಿದ. ಮುಂದಿನ ಸಲದ ಕಾಯಿ ಅವರವರ ಅಟ್ಟಕ್ಕೇ ಏರಿತು. ಕೊಬ್ಬರಿಯಾದ ಮೇಲೆ ಅದೇ ಹುಡುಗಿ ಬಂದು ನೋಡಿ ಒಪ್ಪಿದಳು. ಅತ್ತಿಗೆ ಜಗಲಿಯಲ್ಲಿ ಕೂತು ಲೇಬಲ್ ಅಂಟಿಸುತ್ತಿದ್ದಾಗ ಅಜ್ಜಿ ಬಂದು ಚಿಟಿಕೆ ಪುಡಿ ಬಾಯಿಗೆ ಹಾಕಿಕೊಂಡರು.

"ಇದ್ರಾಗೆ ನಂದು ಒಂದು ಕಾಯಿನೂ ಇಲ್ವೇನೇ?"

"ಒಂದೂ ಇಲ್ಲ ಅಜ್ಜಿ. ಅದ್ಕೇ ಇದು ಸಾವಯವ."

ಅಜ್ಜಿ ಇನ್ನೊಂದು ಚಿಟಿಕೆ ತೆಗೆದುಕೊಂಡು ಚಪ್ಪರಿಸಿದರು. "ಅದ್ಕೇ ಮತ್ತೆ, ಹೋದ್ಸಲದ ರುಚಿ ಇಲ್ಲ ಬುಡು."