ಇಟ್ಟಿಗೆ ಕೆಂಪು, ಆಮೇಲೆ ನೀಲಿ

2022ರಲ್ಲಿ ನಾನು ಹೊಸಕೋಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ‘ಹಿರಿಯ’ ಎಂಬುದು ಅನುಭವಕ್ಕಿಂತ ಹೆಚ್ಚಾಗಿ ನನ್ನ ನರೆಗೂದಲಿಗೆ ಸಂದ ಪದವಿ. ಸ್ವಭಾವದಿಂದ ನಾನು ಗಾಬರಿಯ ಮನುಷ್ಯ. ಮನೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು ಜಗ್ಗಿ ನೋಡುವವನು. ಇದನ್ನು ನನ್ನ ಹೆಂಡತಿ ಕಾಯಿಲೆ ಎನ್ನುತ್ತಾಳೆ. ಲ್ಯಾಬಿನಲ್ಲಿ ಕ್ವಾಲಿಟಿ ಕಂಟ್ರೋಲ್ ಎನ್ನುತ್ತಾರೆ.

ಬೇಸಿಗೆಯ ಒಂದು ಬೆಳಿಗ್ಗೆ ಅನುಗೊಂಡನಹಳ್ಳಿ ಕಡೆಯಿಂದ ಇನ್ನೂ ವಾರ ತುಂಬದ ಗಂಡುಮಗುವೊಂದನ್ನು ಕರೆತಂದರು. ಹುಟ್ಟಿದಾಗ ಚೆನ್ನಾಗಿಯೇ ಇತ್ತಂತೆ. ಎರಡು ದಿನವಾದ ಮೇಲೆ ಕುಡಿದ ಹಾಲನ್ನೆಲ್ಲ ಕಕ್ಕತೊಡಗಿತ್ತು. ಕಣ್ಣು, ಮೈ ಎಲ್ಲ ಹಳದಿ. ಅಳುವುದಕ್ಕೂ ತ್ರಾಣವಿರಲಿಲ್ಲ. ಜೊತೆಯಲ್ಲಿ ಚೊಚ್ಚಲ ಬಾಣಂತಿ ಮಂಜುಳಾ, ಮತ್ತು ಅವಳ ತಾಯಿ ಮುನಿಯಮ್ಮ.

ಮಕ್ಕಳ ವೈದ್ಯೆ ಡಾ. ಶೈಲಜಾ ವಾರ್ಡಿನಿಂದ ನನಗೆ ಫೋನ್ ಮಾಡಿದರು.

“ಮಗು ಯೂರಿನ್ ಕಳಿಸ್ತಿದೀನಿ. ಸ್ಟ್ರಿಪ್ ಒಂದೇ ಸಾಲಲ್ಲ, ಬೆನೆಡಿಕ್ಟ್ ಟೆಸ್ಟೂ ಮಾಡಿ. ಆ ನೀಲಿ ನೀರು ಇನ್ನೂ ಇಟ್ಕೊಂಡಿದೀರಾ ತಾನೆ?”

“ಇದೆ ಮೇಡಂ. ಎಕ್ಸ್‌ಪೈರಿ ಒಂದ್ಸಲ ನೋಡ್ಬಿಟ್ಟು…”

“ನೀವು ಆಗ್ಲೇ ನಾಲ್ಕು ಸಲ ನೋಡಿರ್ತೀರಾ. ಬೇಗ ಮಾಡಿ.”

ಆ ಎರಡು ಪರೀಕ್ಷೆಗಳನ್ನು ಯಾಕೆ ಒಟ್ಟಿಗೆ ಕೇಳಿದರು ಎಂಬುದನ್ನು ಸ್ವಲ್ಪ ವಿವರಿಸಬೇಕು. ನಾವು ಸಕ್ಕರೆ ಎಂದು ಒಂದೇ ಮಾತಿನಲ್ಲಿ ಹೇಳಿದರೂ ಅದರಲ್ಲಿ ಹಲವು ಜಾತಿ. ಗ್ಲೂಕೋಸಿನ ಒಂದು ಅಣುವಿನಲ್ಲಿ ಆರು ಕಾರ್ಬನ್, ಹನ್ನೆರಡು ಹೈಡ್ರೋಜನ್, ಆರು ಆಕ್ಸಿಜನ್. ಗ್ಯಾಲಕ್ಟೋಸಿನಲ್ಲೂ ಅಷ್ಟೇ, ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ. ವ್ಯತ್ಯಾಸ ಇರುವುದು ನಾಲ್ಕನೇ ಕಾರ್ಬನ್ನಿನಲ್ಲಿ. ಅಲ್ಲಿ ಅಂಟಿಕೊಂಡಿರುವ ಒಂದು ಆಕ್ಸಿಜನ್-ಹೈಡ್ರೋಜನ್ ಜೋಡಿ ಗ್ಲೂಕೋಸಿನಲ್ಲಿ ಒಂದು ಕಡೆಗಿದ್ದರೆ ಗ್ಯಾಲಕ್ಟೋಸಿನಲ್ಲಿ ಅದರ ಎದುರು ಕಡೆಗೆ. ಆರು ಮನೆಗಳ ವಠಾರದಲ್ಲಿ ನಾಲ್ಕನೇ ಮನೆಯ ಬಾಗಿಲನ್ನು ಮಾತ್ರ ಹಿತ್ತಲ ಕಡೆಗೆ ಇಟ್ಟ ಹಾಗೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಈ ಎರಡೂ ಕೈಹಿಡಿದುಕೊಂಡ ಜೋಡಿ. ಹೊಟ್ಟೆಗೆ ಹೋದ ಮೇಲೆ ಬೇರೆಯಾಗುತ್ತವೆ. ಆಮೇಲೆ ಗ್ಯಾಲಕ್ಟೋಸನ್ನು ಗ್ಲೂಕೋಸಾಗಿ ಬದಲಿಸಲು ದೇಹದಲ್ಲಿ ಕೆಲವು ಎನ್‌ಜೈಮ್‌ಗಳಿವೆ. ಎಲ್ಲೋ ಅಪರೂಪಕ್ಕೆ ಒಂದು ಮಗು ಅವುಗಳಲ್ಲಿ ಒಂದಿಲ್ಲದೆ ಹುಟ್ಟುತ್ತದೆ. ಇದಕ್ಕೆ ಗ್ಯಾಲಕ್ಟೋಸೀಮಿಯಾ ಎಂದು ಹೆಸರು. ಅಂಥ ಮಗುವಿಗೆ ತಾಯಿಯ ಹಾಲೇ ಲಿವರನ್ನು ಕೆಡಿಸುತ್ತದೆ, ಜೀವವನ್ನೂ ತೆಗೆಯಬಹುದು.

ಮೂತ್ರದಲ್ಲಿ ಅದ್ದಿ ನೋಡುವ ಸ್ಟ್ರಿಪ್ ಗ್ಲೂಕೋಸನ್ನು ಮಾತ್ರ ಗುರುತಿಸುತ್ತದೆ. ಬೆನೆಡಿಕ್ಟ್ ದ್ರಾವಣಕ್ಕೆ ಅಷ್ಟು ಮುಖಪರಿಚಯವಿಲ್ಲ. ಗ್ಲೂಕೋಸ್ ಇರಲಿ, ಗ್ಯಾಲಕ್ಟೋಸ್ ಇರಲಿ, ಕುದಿಸಿದರೆ ಅದರ ನೀಲಿ ಬಣ್ಣ ಹಸಿರು, ಹಳದಿ, ಕಿತ್ತಳೆ ದಾಟಿ ಇಟ್ಟಿಗೆ ಕೆಂಪಿನವರೆಗೆ ತಿರುಗುತ್ತದೆ. ಆದ್ದರಿಂದ ಸ್ಟ್ರಿಪ್ ‘ಇಲ್ಲ’ ಎಂದು, ಬೆನೆಡಿಕ್ಟ್ ‘ಇದೆ’ ಎಂದರೆ ಅದು ಗ್ಲೂಕೋಸಲ್ಲದ ಬೇರೆ ಯಾವುದೋ ಸಕ್ಕರೆ.

ಐದು ಎಂ.ಎಲ್. ದ್ರಾವಣ, ಎಂಟು ಹನಿ ಮೂತ್ರ. ಸ್ಟ್ರಿಪ್ ಬಣ್ಣ ಬದಲಿಸಲಿಲ್ಲ. ಟ್ಯೂಬು ಇಟ್ಟಿಗೆ ಕೆಂಪಾಯಿತು.

ರಿಸಲ್ಟನ್ನು ಫೋನಿನಲ್ಲಿ ಹೇಳಿದರೆ ಸಾಕಿತ್ತು. ಆದರೆ ಸ್ಯಾಂಪಲ್ ಹೇಗೆ ಹಿಡಿದರು ಎಂದು ಕೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ವಾರ್ಡಿಗೆ ಹೋದೆ. ನಾವು ಕೊಟ್ಟಿದ್ದ ಪ್ಲಾಸ್ಟಿಕ್ ಡಬ್ಬಿಯಲ್ಲೇ ನೇರವಾಗಿ ಹಿಡಿದಿರಾ ಎಂದು ಮುನಿಯಮ್ಮನನ್ನು ಕೇಳಿದೆ.

“ಅಷ್ಟ್ ಚೆಂದಾಗಿರೋ ಡಬ್ಬಿಲಿ ಉಚ್ಚೆ ಹಿಡಿಯೋಕೆ ಮನ್ಸ್ ಬರ್ಲಿಲ್ಲ ಕಣಪ್ಪಾ. ನನ್ ಟಾನಿಕ್ ಬಾಟ್ಲು ಖಾಲಿ ಇತ್ತು, ಅದ್ರಲ್ಲಿ ಹಿಡಿದೆ. ಆ ನರ್ಸಮ್ಮ ಬೈತಾಳೆ ಅಂತ ಆಮೇಲೆ ಡಬ್ಬಿಗೆ ಬಗ್ಗಿಸ್ದೆ.”

“ತೊಳೆದಿದ್ರಾ?”

“ಒಂದ್ಸಲ ನೀರಾಡಿಸ್ದೆ. ಯಾಕಪ್ಪಾ, ಏನಾಯ್ತು?”

ಚೀಲದಿಂದ ಬಾಟಲಿ ತೆಗೆದು ತೋರಿಸಿದರು. ವಿಟಮಿನ್ ಟಾನಿಕ್, ಲೇಬಲ್ಲಿನಲ್ಲಿ ವಿಟಮಿನ್ ಸಿ ಕೂಡ ಇತ್ತು. ವಿಟಮಿನ್ ಸಿ ಸಕ್ಕರೆಯಲ್ಲ, ಆದರೆ ಬೆನೆಡಿಕ್ಟ್ ದ್ರಾವಣವನ್ನು ಅದೂ ಕೆಂಪಾಗಿಸಬಲ್ಲದು. ಸಾಲದ್ದಕ್ಕೆ ಸ್ಟ್ರಿಪ್‌ಗೂ ಮಂಕುಬೂದಿ ಎರಚಿ, ಇರುವ ಗ್ಲೂಕೋಸನ್ನೂ ಇಲ್ಲ ಎನ್ನಿಸುತ್ತದೆ. ಅಂದರೆ ನಾನು ಕಂಡದ್ದೆಲ್ಲ ಮಗುವಿನದೂ ಆಗಿರಬಹುದು, ಮುನಿಯಮ್ಮನ ಟಾನಿಕ್‌ನದೂ ಆಗಿರಬಹುದು.

ಡಾ. ಶೈಲಜಾ ಅವರಿಗೆ ಎಲ್ಲವನ್ನೂ ಹೇಳಿದೆ. ಹಾಲು ನಿಲ್ಲಿಸಿದರೆ ಗ್ಯಾಲಕ್ಟೋಸ್ ಬೇಗನೆ ಮೂತ್ರದಿಂದ ಮಾಯವಾಗುತ್ತದೆ, ಆಮೇಲೆ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಅದಕ್ಕೇ ಹೇಳಿದೆ: “ಇನ್ನೊಂದೇ ಒಂದು ಸಲ ಹಾಲು ಕುಡಿಸಿ ಕ್ಲೀನ್ ಸ್ಯಾಂಪಲ್ ಹಿಡಿದ್ರೆ ಗೊತ್ತಾಗ್ಬಿಡುತ್ತೆ ಮೇಡಂ.”

ಅವರು ಮಗುವಿನ ಹೊಟ್ಟೆಯ ಮೇಲಿಂದ ಕೈ ತೆಗೆಯದೆ ನನ್ನತ್ತ ನೋಡಿದರು. “ಲಿವರ್ ಎಷ್ಟು ಊದಿದೆ ಗೊತ್ತಾ? ನಿಮ್ಮ ಟ್ಯೂಬಿಗೋಸ್ಕರ ಇದಕ್ಕೆ ಇನ್ನೊಂದ್ಸಲ ಕುಡಿಸ್ಲಾ?”

ತಾಯಿಯ ಹಾಲು ಅಲ್ಲಿಗೇ ನಿಂತಿತು. ಡ್ರಿಪ್, ಆಂಟಿಬಯೋಟಿಕ್ ಶುರುವಾದವು. ಮರುದಿನದಿಂದ ಲ್ಯಾಕ್ಟೋಸ್ ಇಲ್ಲದ ಸೋಯಾ ಪುಡಿ. ಎನ್‌ಜೈಮ್ ಪರೀಕ್ಷೆಗೆ ಮಗುವಿನ ರಕ್ತ ಬೆಂಗಳೂರಿಗೆ ಹೋಯಿತು. ಅದರ ವರದಿಗೆ ಒಂದು ವಾರವಾದರೂ ಕಾಯಬೇಕಿತ್ತು.

ಮುನಿಯಮ್ಮ ನನ್ನನ್ನು ಬೈಯುವ ದನಿ ಕಾರಿಡಾರಿನವರೆಗೂ ಕೇಳುತ್ತಿತ್ತು. “ಹೆತ್ತೋಳ ಹಾಲು ಇಸ ಅಂತಾನಲ್ಲ ಇವ್ನು! ಇವ್ನೇನ್ ಹುಟ್ತಾನೇ ಟೀ ಕುಡಿದ್ನಾ?”

ಗ್ಯಾಲಕ್ಟೋಸ್ ಮಾಯವಾಗುವ ಮೊದಲೇ ಮಗುವಿನ ಮೂತ್ರ ಹಿಡಿಯಲು ಅಂಟಿಸಿದ ಮೊದಲ ಚೀಲ ಸೋರಿಹೋಯಿತು. ಶುದ್ಧವಾದ ಸ್ಯಾಂಪಲ್ ಸಿಕ್ಕಿದ್ದು ಮರುದಿನ ಬೆಳಿಗ್ಗೆ. ಕುದಿಸಿದೆ. ನೀಲಿ. ಹೊಸ ದ್ರಾವಣ ಹಾಕಿ ಮತ್ತೆ ಕುದಿಸಿದೆ. ನೀಲಿಯೇ. ಲ್ಯಾಬಿನಲ್ಲಿ ನೀಲಿ ಒಳ್ಳೆಯ ಬಣ್ಣ. ಅವತ್ತು ಅದು ಯಾವ ಬಣ್ಣವೂ ಅಲ್ಲ. ಹಾಲು ನಿಲ್ಲಿಸಿದ್ದರಿಂದ ನೀಲಿಯೋ, ಟಾನಿಕ್ ಇಲ್ಲದ್ದರಿಂದ ನೀಲಿಯೋ, ಟ್ಯೂಬು ಹೇಳುವುದಿಲ್ಲ.

ಮಗು ಕಕ್ಕುವುದನ್ನು ನಿಲ್ಲಿಸಿತ್ತು. ಡಾಕ್ಟರಿಗೆ ಅದೇ ದೊಡ್ಡ ಸಾಕ್ಷಿ. ನನಗೆ ಅದೂ ಸಾಲಲಿಲ್ಲ: ಡ್ರಿಪ್‌ನಿಂದ ಚೇತರಿಸಿಕೊಂಡಿರಬಹುದು, ಆಂಟಿಬಯೋಟಿಕ್‌ನಿಂದ ಇರಬಹುದು.

ಮಧ್ಯಾಹ್ನ ಮಂಜುಳಾ ಲ್ಯಾಬಿನ ಬಾಗಿಲಿಗೆ ಬಂದಳು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ರವಿಕೆಯ ಮೇಲೆ ಸೆರಗನ್ನು ಬಿಗಿಯಾಗಿ ಒತ್ತಿಕೊಂಡಿದ್ದಳು. ಹಾಲು ಕಟ್ಟಿ ಸೋರುತ್ತಿತ್ತು.

“ಸಾ, ಟೆಸ್ಟ್ ಮಾಡಿದ್ದು ನೀವೇನಾ?”

“ಹೂನಮ್ಮ.”

“ಇವತ್ತು ನೀಲಿ ಬಂತಂತೆ. ಹಂಗಂದ್ರೆ ಏನೂ ಇಲ್ಲ ಅಂತ ತಾನೆ?”

ಇಲ್ಲ, ಹಾಗೆ ಹೇಳಲು ಬರುವುದಿಲ್ಲ ಎಂದು ಆದಷ್ಟು ಸರಳವಾಗಿ ವಿವರಿಸಿದೆ. ಅವಳು ಕೇಳಿಸಿಕೊಂಡು, “ನಮ್ಮಮ್ಮ ಒಂದೇ ಒಂದ್ಸಲ ಕುಡ್ಸು ಅಂತದೆ. ಕಾಯ್ಲೆ ಇದೆ ಅಂತ ನೀವು ಗ್ಯಾರಂಟಿ ಹೇಳ್ಬಿಡಿ ಸಾ, ನಾನು ಅವ್ಳ ಬಾಯಿ ಮುಚ್ಚುಸ್ತೀನಿ” ಎಂದಳು.

“ಗ್ಯಾರಂಟಿ ಇಲ್ಲಮ್ಮ. ಬೆಂಗಳೂರಿಂದ ಬರೋವರ್ಗೂ ಯಾರ್ ಹತ್ರಾನೂ ಇಲ್ಲ.”

“ನಿಮ್ದು ತಪ್ಪಾಗಿದ್ರೆ?”

“ಸುಮ್ಮನೆ ನಿನ್ನ ಹಾಲು ಬತ್ತೋಗುತ್ತೆ.”

“ಸರಿಯಾಗಿದ್ದು, ನಾನ್ ಕುಡಿಸ್ಬಿಟ್ರೆ?”

ನಾನು ಟ್ಯೂಬಿನ ಸ್ಟ್ಯಾಂಡನ್ನು ನೋಡಿದೆ. ಅವಳೇ, “ಬಿಡಿ ಸಾ, ಗೊತ್ತಾಯ್ತು” ಎಂದು ಹೊರಟುಹೋದಳು.

ವಾರ್ಡಿನ ನರ್ಸ್ ಅವಳಿಗೆ ಒಂದು ಉಪಾಯ ಹೇಳಿಕೊಟ್ಟರು. ಮೂರು ಗಂಟೆಗೊಮ್ಮೆ ಹಾಲನ್ನು ಕೈಯಿಂದ ಹಿಂಡಿ ತೆಗೆಯುತ್ತಿದ್ದರೆ ಬತ್ತುವುದಿಲ್ಲ. ವರದಿ ಚೆನ್ನಾಗಿ ಬಂದರೆ ಮತ್ತೆ ಕುಡಿಸಬಹುದು. ಮಂಜುಳಾ ಹಾಗೇ ಮಾಡಿದಳು. ಬಟ್ಟಲನ್ನು ಹೊರಗೆ ಒಯ್ಯುತ್ತಿದ್ದವರು ಮುನಿಯಮ್ಮ. ಎದೆಹಾಲನ್ನು ತುಳಿಯುವ ಜಾಗದಲ್ಲಿ ಚೆಲ್ಲಬಾರದೆಂದು ಆಸ್ಪತ್ರೆಯ ಹಿಂದಿನ ಹೊಂಗೆ ಮರದ ಬುಡಕ್ಕೆ ಸುರಿದು, ಬಟ್ಟಲು ತೊಳೆದು ಒಳಗೆ ಹೋಗುತ್ತಿದ್ದರು. ಬೈಯುವುದನ್ನು ನಿಲ್ಲಿಸಿದ್ದರು.

ಇದೆಲ್ಲ ಲ್ಯಾಬಿನ ಕಿಟಕಿಯಿಂದ ಕಾಣುತ್ತಿತ್ತು. ಆಗ ಏನನ್ನಿಸಿತು ಎಂದು ಕೇಳಿದರೆ ಹೇಳಲಾರೆ. ಏನೂ ಅನ್ನಿಸಲಿಲ್ಲ. ಸಣ್ಣಪುಟ್ಟದ್ದಕ್ಕೆಲ್ಲ ಎದೆ ಹೊಡೆದುಕೊಳ್ಳುವ ನಾನು ಆ ವಾರ ಮರದ ಕೊರಡಿನ ಹಾಗಿದ್ದೆ. ಬೇರೆಯವರ ರಕ್ತ, ಬೇರೆಯವರ ಥೈರಾಯ್ಡ್, ಎಲ್ಲವನ್ನೂ ಸರಿಯಾಗಿಯೇ ಮಾಡಿದೆ. ಮಧ್ಯಾಹ್ನ ಡಬ್ಬಿಯಲ್ಲಿದ್ದುದನ್ನು ತಿಂದೆ. ಒಂದು ಬೆಳಿಗ್ಗೆ ಮನೆಗೆ ಬೀಗವನ್ನೇ ಹಾಕದೆ ಬಂದುಬಿಟ್ಟಿದ್ದೆ. ಸಂಜೆ ಹೆಂಡತಿ ಹೇಳಿದಾಗ “ಹೌದಾ” ಎಂದೆನಂತೆ.

ವರದಿ ಬಂತು. ಆ ಎನ್‌ಜೈಮ್ ಮಗುವಿನ ರಕ್ತದಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನನ್ನ ಕೆಂಪು ಸುಳ್ಳಾಗಿರಲಿಲ್ಲ. ಅದನ್ನು ಓದಿದಾಗಲೂ ನನಗೆ ಖುಷಿಯಾಗಲಿಲ್ಲ, ದುಃಖವೂ ಆಗಲಿಲ್ಲ.

ಡಾಕ್ಟರ್ ನನ್ನನ್ನೂ ವಾರ್ಡಿಗೆ ಕರೆದರು. ಮಗು ನಿದ್ದೆಯಲ್ಲಿತ್ತು, ಹಳದಿ ಇಳಿದಿತ್ತು. ಸಮಯಕ್ಕೆ ಹಾಲು ನಿಲ್ಲಿಸಿದ್ದರಿಂದ ಉಳಿದುಕೊಂಡಿದೆ, ಇನ್ನು ಜನ್ಮವಿಡೀ ತಾಯಿಯದಾಗಲಿ ಹಸುವಿನದಾಗಲಿ ಹಾಲು ಕೂಡದು, ಕಣ್ಣು, ಲಿವರ್ ಆಗಾಗ ತೋರಿಸುತ್ತಿರಬೇಕು ಎಂದು ಡಾಕ್ಟರ್ ಹೇಳಿದರು. ಮುನಿಯಮ್ಮ ನನ್ನ ಕಡೆ ತಿರುಗಿದರು.

“ಮುದ್ದೆ ತಿನ್ಬೋದೇನಪ್ಪಾ, ದೊಡ್ಡೋನಾದ್ಮೇಲೆ?”

“ತಿನ್ಬೋದಮ್ಮ. ರಾಗಿಲಿರೋ ಪಿಷ್ಟ ಅಂದ್ರೆ ಗ್ಲೂಕೋಸಿನ ಸರಪಳಿ, ಅಷ್ಟೇ. ಅದು ಇವನಿಗೆ ಆಗುತ್ತೆ.”

“ಸದ್ಯ. ಮುದ್ದೆ ಒಂದಿದ್ರೆ ಗಂಡ್ಸು ಬದುಕ್ತಾನೆ ಬಿಡು.”

ಮೂರು ಗಂಟೆಯ ಸರದಿಗೆಂದು ತೊಳೆದಿಟ್ಟ ಬಟ್ಟಲು ಮಂಜುಳಾಳ ತೊಡೆಯ ಮೇಲಿತ್ತು. ಡಾಕ್ಟರ್ ಹೊರಟ ಮೇಲೆ ಅವಳು ನನ್ನನ್ನು ಕೇಳಿದಳು.

“ಹಂಗಾದ್ರೆ ಇನ್ಮೇಲೆ ಹಿಂಡೋದು ಬೇಡ ಅಲ್ವಾ ಸಾ?”

“ಬೇಡಮ್ಮ.”

ಅವಳು ಬಟ್ಟಲನ್ನು ತಾಯಿಯ ಕೈಗೆ ಕೊಟ್ಟು ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಗ್ಯಾರಂಟಿ ಇಲ್ಲದಾಗ ಇಲ್ಲ ಎಂದೇ ಹೇಳಬೇಕು. ಇವತ್ತಿಗೂ ನಾನು ಹಾಗೇ ಹೇಳುತ್ತೇನೆ, ಆ ಮಾತಿನಲ್ಲಿ ಬದಲಾವಣೆಯಿಲ್ಲ. ಹೇಳಿದ ಮೇಲೆ ನನ್ನ ಕೆಲಸ ಮುಗಿಯಿತೆಂದು ಮಾತ್ರ ಈಗ ಎಣಿಸುವುದಿಲ್ಲ. ಖಚಿತ ವರದಿ ಬರುವವರೆಗೆ ರೋಗಿಯ ಕಡೆಯವರು ಏನೇನು ಮಾಡಬೇಕಾಗುತ್ತದೆ ಎಂದು ಕೇಳುತ್ತೇನೆ. ವರದಿ ಬಂದರೆ ಫೋನ್ ಮಾಡದೆ ಎದ್ದು ನಡೆದುಹೋಗಿ ಕೊಡುತ್ತೇನೆ. ಅಷ್ಟು ವರ್ಷ ನನ್ನ ಅನುಮಾನವೆಲ್ಲ ನನ್ನ ತಲೆಯೊಳಗಿನ ಸ್ವಂತ ತಾಪತ್ರಯ ಎಂದುಕೊಂಡಿದ್ದೆ. ಆ ವಾರ ಅದನ್ನು ಮೂರು ಗಂಟೆಗೊಮ್ಮೆ ಎದ್ದು ಕೂತು ಹೊತ್ತವಳು ಒಬ್ಬ ಹಸಿ ಬಾಣಂತಿ.