ಗುಂಡಿಗಿ ಗಿಡದಾಗ ಐತಿ

ಮಕ್ಕಳೇ, ಆ ಕಾಲಕ್ಕೆ ನಮ್ಮ ಗಲಗಲಿ ಮುಂಬಯಿ ರಾಜ್ಯದೊಳಗಿತ್ತು. ಮುಂಬಯಿ ಯಾವ ದಿಕ್ಕಿಗಿದೆ ಎಂದು ನಮಗೆ ಗೊತ್ತಿರಲಿಲ್ಲ. ನಮ್ಮ ಪಾಲಿಗೆ ಲೋಕವೆಂದರೆ ಕೃಷ್ಣಾ ಹೊಳೆ, ಈಚೆ ದಂಡೆ, ಆಚೆ ದಂಡೆ, ನಡುವೆ ಬುಟ್ಟಿಯಂತೆ ತಿರುಗುತ್ತಾ ಹೋಗುವ ಒಂದು ಹರಗೋಲು. ಹೊಳೆ ದಾಟಿ ಗಂಡನ ಮನೆಗೆ ಹೋದ ಹುಡುಗಿ ತವರಿಗೆ ಬರಬೇಕಾದರೆ ಅತ್ತೆಯ ಅಪ್ಪಣೆ ಬೇಕಿತ್ತು, ಅಂಬಿಗನ ಅಪ್ಪಣೆ ಬೇಕಿತ್ತು, ಹೊಳೆಯ ಅಪ್ಪಣೆಯೂ ಬೇಕಿತ್ತು.

ನೀವು ಕಥೆ ಹೇಳು ಎಂದು ಪೀಡಿಸಿದಾಗಲೆಲ್ಲ ನಾನು ಹೇಳಿದ್ದೇನೆ. ಮಂಗ ಮತ್ತು ಮೊಸಳೆಯ ಕಥೆಯನ್ನು ಮಾತ್ರ ಹೇಳಲಿಲ್ಲ. ಯಾಕೆ ಎಂದು ನೀವು ಕೇಳಿದಿರಿ, ನಾನು ಎದ್ದು ಅಡುಗೆಮನೆಗೆ ಹೋದೆ. ಬಾಯಿಂದ ಹೇಳಲು ನನಗೆ ಆಗುವುದಿಲ್ಲ. ಬರೆದರೆ ಆದೀತು ಎಂದು ಕುಳಿತಿದ್ದೇನೆ.

ನಮ್ಮದು ಕುರಿ ಸಾಕುವ, ಕಂಬಳಿ ನೇಯುವ ಮನೆ. ಬೀರಪ್ಪ ನಮ್ಮ ಮನೆದೇವರು. ಪಡಸಾಲೆಯಲ್ಲಿ ಅಪ್ಪನ ಮಗ್ಗ, ಗೋಡೆಯ ಗೂಡಿನಲ್ಲಿ ಬೀರಪ್ಪನ ಭಂಡಾರ, ಎಂದರೆ ದೇವರ ಅರಿಶಿನ. ಮನೆ ತುಂಬ ಹಸಿ ಉಣ್ಣೆಯ ಜಿಡ್ಡು ವಾಸನೆ. ಕಂಬಳಿಗೆ ಹಚ್ಚಲು ಹುಣಸೆ ಬೀಜದ ಗಂಜಿ ಕುದಿಸಿದ ದಿನ ಆ ವಾಸನೆಯೇ ಬೇರೆ. ಈಗಲೂ ಎಲ್ಲಿಯಾದರೂ ಹುಣಸೆ ಬೀಜ ಹುರಿದರೆ ನನಗೆ ಊಟ ಸೇರುವುದಿಲ್ಲ. ಅಪ್ಪ, ಅವ್ವ, ಅಪ್ಪನ ತಾಯಿ ಆಯಿ, ನನ್ನ ಅಕ್ಕ ಮಾಳವ್ವ ಮತ್ತು ನಾನು. ಅಕ್ಕನ ಕೈ ನೂಲಲು ಬಂದ ಕೂಡಲೇ ಅವಳನ್ನು ಸಾಲೆಯಿಂದ ಬಿಡಿಸಿದರು. ನಾನು ಯಾವ ಕೆಲಸಕ್ಕೂ ಬಾರದವಳಾದ್ದರಿಂದ ಸಾಲೆಗೆ ಹೋಗುತ್ತಿದ್ದೆ.

ಸಾಲೆಯ ಮಾಸ್ತರರು ಧಾರವಾಡದ ಕಡೆಯವರು. ಶನಿವಾರ ಮುಂಜಾನೆಯ ಸಾಲೆ ಬಿಡುವ ಮೊದಲು ನಮ್ಮನ್ನು ಹೊಳೆದಂಡೆಯ ಅತ್ತಿ ಮರದ ಕೆಳಗೆ ಕೂರಿಸಿ ಬುದ್ಧನ ಹಿಂದಿನ ಜನ್ಮಗಳ ಕಥೆ ಹೇಳುತ್ತಿದ್ದರು. ಬುದ್ಧ ಒಂದು ಜನ್ಮದಲ್ಲಿ ಲಾವಕ್ಕಿಯಾಗಿದ್ದನಂತೆ, ಇನ್ನೊಂದರಲ್ಲಿ ಜಿಂಕೆ, ಮತ್ತೊಂದರಲ್ಲಿ ಮಂಗ. ಲಾವಕ್ಕಿಗಳು ಒಟ್ಟಾಗಿ ಬಲೆಯನ್ನೇ ಎತ್ತಿಕೊಂಡು ಹಾರಿದವು. ಬಲೆಗೆ ಸಿಕ್ಕ ಜಿಂಕೆ ಸತ್ತಂತೆ ಉಸಿರು ಹಿಡಿದು ಮಲಗಿ, ಬೇಟೆಗಾರ ಹಗ್ಗ ಬಿಚ್ಚಿದ ಕೂಡಲೇ ಓಡಿತು. ಬಲವಿಲ್ಲದ ಪ್ರಾಣಿಗಳು ಬುದ್ಧಿಯಿಂದ ಬದುಕುತ್ತಿದ್ದವು. ತಲೆಯ ಮೇಲೆ ಹಣ್ಣಾದ ಅತ್ತಿಕಾಯಿ ಉದುರುತ್ತಿತ್ತು, ಬಿಡಿಸಿದರೆ ಒಳಗೆ ಹುಳ. ಊದಿ ತಿನ್ನುತ್ತಿದ್ದೆವು.

ಅಕ್ಕನಿಗೆ ಕಥೆಯೆಂದರೆ ಜೀವ. ನಾನು ಪಾಟಿಚೀಲ ಇಡುವ ಮೊದಲೇ ಉಡಿಯಲ್ಲಿಟ್ಟ ಹುರಿದ ಶೇಂಗಾ ತೋರಿಸಿ, ಮೊದಲು ಕಥೆ, ಆಮೇಲೆ ಶೇಂಗಾ ಎನ್ನುತ್ತಿದ್ದಳು. ಹೊರಗಿನವರ ಮುಂದೆ ನನಗೆ ಬಾಯಿ ಬರುತ್ತಿರಲಿಲ್ಲ. ಅಕ್ಕನ ಮುಂದೆ ಮಾತ್ರ ಮಾಸ್ತರರಂತೆ ಕೈ ಆಡಿಸಿ ಹೇಳುತ್ತಿದ್ದೆ.

ಮಂಗನ ಕಥೆ ಹೇಳಿದ ದಿನ ಚೆನ್ನಾಗಿ ನೆನಪಿದೆ. ಆಯಿ ಉಣ್ಣೆ ಹಿಂಜುತ್ತಿದ್ದಳು, ಅಕ್ಕನ ಕೈಯಲ್ಲಿ ಕದಿರು, ಅಪ್ಪ ಮಗ್ಗದಲ್ಲಿ.

"ಒಂದ ಮಂಗ್ಯಾ ಅತ್ತಿ ಮ್ಯಾಲ ಕುಂತಿತ್ತು" ಎಂದು ಶುರುಮಾಡಿದೆ.

ನಮ್ಮ ಮಾತಿನಲ್ಲಿ ಮರಕ್ಕೂ ಅತ್ತಿ, ಗಂಡನ ತಾಯಿಗೂ ಅತ್ತಿ.

"ಅತ್ತಿ ಮ್ಯಾಲ ಕುಂತಿತ್ತೇನ?" ಎಂದಳು ಆಯಿ. "ಛಲೋ ಆತು ಬಿಡು. ಯಾವ ಸೊಸಿ ಕೈಲೂ ಆಗದ್ದು ಮಂಗ್ಯಾ ಮಾಡ್ತು."

ಎಲ್ಲರೂ ನಕ್ಕ ಮೇಲೆ ನಾನು ಮುಂದುವರಿಸಿದೆ. ಹೊಳೆಯ ಮೊಸಳೆಯ ಹೆಂಡತಿಗೆ ಮಂಗನ ಗುಂಡಿಗೆ ತಿನ್ನುವ ಬಯಕೆ. ಮೊಸಳೆ ಬಂದು, ಆಚೆ ದಂಡೆಯಲ್ಲಿ ಇನ್ನೂ ಸವಿಯಾದ ಹಣ್ಣುಗಳಿವೆ, ನನ್ನ ಬೆನ್ನು ಹತ್ತು ಎಂದಿತು. ಮಂಗ ಹತ್ತಿತು. ನಡುಹೊಳೆಯಲ್ಲಿ ಮೊಸಳೆ ಮುಳುಗತೊಡಗಿ ನಿಜ ಹೇಳಿತು. ಮಂಗ ಹೆದರಿದರೂ ತೋರಿಸಿಕೊಳ್ಳಲಿಲ್ಲ. ಅಯ್ಯೋ ಗೆಳೆಯಾ, ಟೊಂಗೆಯಿಂದ ಟೊಂಗೆಗೆ ಜಿಗಿಯುವ ನಾವು ಗುಂಡಿಗೆಯನ್ನು ಒಳಗಿಟ್ಟುಕೊಂಡರೆ ಒಡೆದುಹೋಗುತ್ತದೆ, ಅದಕ್ಕೇ ಮರದಲ್ಲಿ ತೂಗುಹಾಕಿ ಬಂದಿದ್ದೇನೆ, ನೋಡು ಅಲ್ಲಿ ಎಂದು ಕೆಂಪಗೆ ಗೊಂಚಲುಗೊಂಚಲಾಗಿ ತೂಗುವ ಅತ್ತಿಹಣ್ಣು ತೋರಿಸಿತು. ಮೊಸಳೆ ನಂಬಿ ತಿರುಗಿ ದಂಡೆಗೆ ಬಂತು. ಮಂಗ ಒಂದೇ ನೆಗೆತಕ್ಕೆ ಮರ ಹತ್ತಿತು.

ಆಯಿ ಸುಮ್ಮನಾಗಲಿಲ್ಲ. "ಗುಂಡಿಗಿ ಹೊರಗಿಟ್ಟು ಯಾವ ಪ್ರಾಣಿ ಬದಕತೈತಿ? ಆ ಮೊಸಳಿ ಒಂದ ಕುರಿ ಕೊಯ್ದದ್ದೂ ನೋಡಿಲ್ಲ ಕಾಣ್ತೈತಿ."

ಅಕ್ಕ ನಕ್ಕ ನಗೆಗೆ ಕದಿರು ಕೈತಪ್ಪಿ ಬಿತ್ತು. ನಡುಹೊಳೆಯ ಮಾತು ಬಂದಾಗ ಮಗ್ಗದ ಸದ್ದು ನಿಂತಿತ್ತು, ಮಂಗ ಮರ ಹತ್ತಿದ ಮೇಲೆ ಮತ್ತೆ ಶುರುವಾಯಿತು. ಅಪ್ಪನೂ ಕೇಳುತ್ತಿದ್ದ.

ಅಂದಿನಿಂದ ಅದು ಅಕ್ಕನ ಮಾತಾಯಿತು. ಅವ್ವ ಏನಾದರೂ ಕೆಲಸ ಹೇಳಿದರೆ, ಗುಂಡಿಗಿ ಗಿಡದಾಗ ಐತಿ ಬೇ, ತಗೊಂಡ ಬರ್ತೀನಿ ಎಂದು ಹೊಳೆಯ ಕಡೆ ಓಡುವುದು. ಹಿಂದೆಯೇ ನಾನು.

ಮುಂದಿನ ಬೇಸಿಗೆಯಲ್ಲಿ ಅಕ್ಕನನ್ನು ಆಚೆ ದಂಡೆಯ ಒಂದು ಊರಿಗೆ ಕೊಟ್ಟರು. ಊರಿನ ಹೆಸರು ಬರೆಯುವುದಿಲ್ಲ; ಆ ಮನೆಯ ಮೊಮ್ಮಕ್ಕಳಿದ್ದಾರೆ, ಅವರದೇನು ತಪ್ಪು. ಭಾವ ಕುರಿಹಿಂಡಿನ ಹಿಂದೆ ವರ್ಷದ ಬಹುಪಾಲು ಅಡವಿಯಲ್ಲೇ ಇರುತ್ತಿದ್ದ. ಮನೆಯಲ್ಲಿ ಅತ್ತೆಯದೇ ಆಳಿಕೆ. ಪಂಚಮಿಗೆ ಎಲ್ಲರ ಮನೆಯ ಹೆಣ್ಣುಮಕ್ಕಳು ಬಂದು ಅತ್ತಿ ಮರಕ್ಕೆ ಜೋಕಾಲಿ ಕಟ್ಟಿ ಆಡಿದರು. ನಮ್ಮ ಅಕ್ಕ ಬರಲಿಲ್ಲ, ಹೊಳೆ ತುಂಬಿತ್ತು. ದೀಪಾವಳಿಗೆ ಹೊಳೆ ಇಳಿದಾಗ ಅಪ್ಪನೇ ಕರೆಯಲು ಹೋದ. ಮನೆಯಲ್ಲಿ ಕೆಲಸವಿದೆ ಎಂದು ಹೇಳಿ ಕಳಿಸಿದರು. ಬಾಗಿಲ ಹಿಂದೆ ಅವಳ ಬಳೆ ಸದ್ದಾಯಿತು, ಮುಖ ಕಾಣಲಿಲ್ಲ ಎಂದು ಅಪ್ಪ ಅವ್ವನಿಗೆ ಹೇಳಿದ.

ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು. ನಾನು ಹೊಳೆಯಲ್ಲಿ ಕೊಡ ತುಂಬುತ್ತಿದ್ದೆ. ಹರಗೋಲು ದಂಡೆಗೆ ತಾಗಿತು. ಮೊದಲು ಇಳಿದವಳು ಅಕ್ಕನ ಅತ್ತೆ, ಕಂಬಳಿಯೊಳಗೆ ಒಂದು ಕುರಿಮರಿ ಅವಚಿಕೊಂಡು. ಹಿಂದೆ ಅಕ್ಕ. ಕುಪ್ಪಸದ ತೋಳು ಅವಳಿಗೆ ಎಷ್ಟು ಸಡಿಲಾಗಿತ್ತೆಂದರೆ ಬೇರೆಯವರದನ್ನು ತೊಟ್ಟಿದ್ದಾಳೆ ಎಂದುಕೊಂಡೆ. ನನ್ನ ಕೊಡಕ್ಕೆ ಕೈ ಹಚ್ಚುವ ನೆವದಲ್ಲಿ ಬಗ್ಗಿ ಕಿವಿಯಲ್ಲಿ ಅಂದಳು.

"ಗುಂಡಿಗಿ ಗಿಡದಾಗ ಐತಿ ಅಂತ ಹೇಳಿ ಬಂದೇನಿ."

ನನಗೆ ಆ ಕ್ಷಣವೇ ತಿಳಿಯಿತು. ಕೊಡ ಹೊತ್ತು ಅವರ ಮುಂದೆ ಮನೆಗೆ ನಡೆದೆ.

ಮನೆಯಲ್ಲಿ ಆ ಅತ್ತೆ ಕಂಬಳಿ ಹಾಸಿದಲ್ಲಿ ಕೂತು ಅಪ್ಪನಿಗೆ ಎಲ್ಲ ಹೇಳಿದಳು. ಅವರ ಕುರಿಗಳಿಗೆ ಬೇನೆ ಬಿದ್ದು ಒಂದೊಂದೇ ಸಾಯುತ್ತಿದ್ದವು. ಯಾಕೆ ಹೀಗೆ ಎಂದು ಗೋಳಾಡುವಾಗ ಸೊಸೆ ಬಾಯಿಬಿಟ್ಟಳಂತೆ: ಮದುವೆಗೆ ಮೊದಲು ಬೀರಪ್ಪನಿಗೆ ಹರಕೆ ಹೊತ್ತಿದ್ದೆ, ನನ್ನ ಕೈಯಿಂದ ನೂತ ನೂಲಿನ ಕಂಬಳಿಯನ್ನು ತವರಿನ ಮಗ್ಗದಲ್ಲೇ ನೇಯಿಸಿ ಹೊದಿಸುತ್ತೇನೆಂದು, ಅದು ಉಳಿದುಬಿಟ್ಟಿದೆ. ದೇವರ ಬಾಕಿ ಹೊತ್ತ ಸೊಸೆ ಹೊಸ್ತಿಲು ತುಳಿದದ್ದಕ್ಕೇ ಬೇನೆ ಬಂತೆಂದು ಆಕೆ ಮರುದಿನವೇ ಹರಗೋಲು ಹತ್ತಿಸಿದ್ದಳು. ಮರಿಯೂ ಬೀರಪ್ಪನಿಗೇ.

ಅಂಥ ಹರಕೆ ಅಪ್ಪನಿಗೆ ಗೊತ್ತೇ ಇರಲಿಲ್ಲ. ಅಕ್ಕನನ್ನು ನೋಡಿದ. ಅವಳು ನೆಲ ನೋಡುತ್ತಿದ್ದಳು. ಬೀಗಿತಿಯ ಎದುರಿಗೆ ಮಗಳನ್ನು ಬಿಟ್ಟುಕೊಡದೆ, ನೂಲಬೇಕು, ನೇಯಬೇಕು, ಹೊತ್ತು ಹಿಡಿಯುತ್ತದೆ, ನಾನೇ ಕರೆತಂದು ಬಿಡುತ್ತೇನೆ ಎಂದ. ಆಕೆ ಉಂಡು ಹೊರಟಳು. ಹರಗೋಲು ನಡುಹೊಳೆ ದಾಟುವವರೆಗೂ ಅಕ್ಕ ಅತ್ತಿ ಮರಕ್ಕೆ ಬೆನ್ನು ಹಚ್ಚಿ ನಿಂತಿದ್ದಳು. ಆಮೇಲೆ ನನ್ನ ಕೈ ಹಿಡಿದು ಮನೆಗೆ ಓಡಿದಳು.

ಆ ದಿನಗಳನ್ನು ಹೇಗೆ ಬರೆಯಲಿ. ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯ ಚರಗ ಚೆಲ್ಲಿದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ. ಅಕ್ಕ ಎಷ್ಟು ತಿಂದರೂ ತಟ್ಟೆಗೆ ಕೈ ಅಡ್ಡವಿಟ್ಟುಕೊಂಡೇ ತಿನ್ನುತ್ತಿದ್ದಳು, ಯಾರೋ ಕಸಿದುಕೊಳ್ಳುತ್ತಾರೆ ಎಂಬಂತೆ. ಹಗಲೆಲ್ಲ ನೂಲುತ್ತಿದ್ದಳು. ಮೊದಲು ಬುಗುರಿಯಂತೆ ತಿರುಗುತ್ತಿದ್ದ ಅವಳ ಕದಿರು ಈಗ ನಿಂತು ನಿಂತು ತಿರುಗುತ್ತಿತ್ತು. ಎಳೆ ಹರಿಯುವುದು, ಬೆಸೆಯುವುದು, ಮತ್ತೆ ಹರಿಯುವುದು. ಆಯಿಗೆ ಎಲ್ಲ ಅರ್ಥವಾಗಿತ್ತು.

"ಸಾವಕಾಶ ನೂಲು ಮಗಳ" ಎಂದಳು. "ಬೀರಪ್ಪಗ ಇನ್ನೂ ಚಳಿ ಹತ್ತಿಲ್ಲ."

ಒಂದು ದಿನ ಅಕ್ಕನಿಗೆ ತಲೆಗೆ ಎರೆಯುವಾಗ ಆಯಿ ಅವಳ ಬೆನ್ನು ನೋಡಿದಳು. ಕಾದ ಕಬ್ಬಿಣದ ಬರೆಗಳು, ಹಳೆಯವು, ಹೊಸವು. ಆಯಿ ಎಣ್ಣೆಯ ಬಟ್ಟಲು ತಂದಳು. ಅವ್ವ ಹೋಗಿ ಅಪ್ಪನಿಗೆ ಹೇಳಿದಳು. ಅಪ್ಪ ಮಗ್ಗ ನಿಲ್ಲಿಸಿ ಅಕ್ಕನನ್ನು ಕರೆದ.

"ಈ ಹರಕಿ ಯಾವಾಗ ಹೊತ್ತಿದ್ದಿ?"

"ಹೊತ್ತಿಲ್ಲಪ್ಪಾ."

"ಮತ್ತ?"

"ಬರಾಕ ಬ್ಯಾರೆ ದಾರಿ ಇರಲಿಲ್ಲ."

ಅಪ್ಪನ ಕಣ್ಣು ಬರೆಗಳ ಕಡೆ ಹೋಗಲಿಲ್ಲ, ಗೂಡಿನ ಭಂಡಾರದ ಕಡೆ ಹೋಯಿತು. ಅವನ ಮುಖದಲ್ಲಿ ನಾನು ಅಂಥ ಹೆದರಿಕೆ ಕಂಡಿರಲಿಲ್ಲ. ಬೀರಪ್ಪನ ಹೆಸರಿನಲ್ಲಿ ಸುಳ್ಳು, ಅದೂ ಆಚೆ ಕುರಿ ಸಾಯುತ್ತಿರುವಾಗ. ಯಾವತ್ತೂ ಬಾಯಿ ಬಿಡದ ನಾನು ಆಗ ಹೇಗೆ ಮಾತಾಡಿದೆನೋ.

"ಅಪ್ಪಾ, ಮಂಗ್ಯಾನೂ ಹಂಗ ಹೇಳಿತ್ತಲ್ಲ. ಅದು ಬುದ್ಧ ದೇವರಂತ."

ಅಪ್ಪ ನನ್ನ ಮೇಲೆ ಸಿಟ್ಟಾಗಲಿಲ್ಲ. "ದೇವರು ಸುಳ್ಳ ಹೇಳಿದ್ರ ಕಥಿ ಆಕ್ಕೈತಿ ಮಗಳ. ನಾವು ಹೇಳಿದ್ರ ಪಾಪ ಆಕ್ಕೈತಿ."

ಆಯಿ ಜಗಳ ಮಾಡಿದಳು. ಆ ಪಾಪ ನನ್ನ ತಲೆಗಿರಲಿ, ಹುಡುಗಿ ಮನೆಯಲ್ಲಿರಲಿ ಎಂದಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದ ಅಪ್ಪ. ಅವನು ಕಲ್ಲುಮನಸ್ಸಿನವನಲ್ಲ, ಮಕ್ಕಳೇ. ಸುಳ್ಳು ಹರಕೆಯನ್ನು ಖರೆ ಮಾಡಿಬಿಟ್ಟರೆ ಪಾಪವೂ ಹೋಗುತ್ತದೆ, ಕುರಿಗಳೂ ಉಳಿಯುತ್ತವೆ, ಬೀರಪ್ಪನೇ ಮಗಳನ್ನು ಕಾಯುತ್ತಾನೆ ಎಂದು ಅವನು ಮನಸಾರೆ ನಂಬಿದ್ದ. ಮನೆಯಲ್ಲಿದ್ದ ನೂಲನ್ನೂ ಅಕ್ಕನ ನೂಲಿಗೆ ಕೂಡಿಸಿ ನೇಯಲು ಕೂತ. ನಸುಕಿನಿಂದ ಮಗ್ಗದ ಸದ್ದು. ಹುಣಸೆ ಬೀಜ ಹುರಿದು, ಬೀಸಿ, ಗಂಜಿ ಕುದಿಸಿದವಳು ಅಕ್ಕನೇ. ತನ್ನನ್ನು ವಾಪಸ್ಸು ಕಳಿಸುವ ಕಂಬಳಿಗೆ ತನ್ನ ಕೈಯಿಂದಲೇ ಗಂಜಿ ಹಚ್ಚಿ ಬಿಸಿಲಿಗೆ ಹಾಕಿದಳು.

ಕಂಬಳಿ ಬೀರಪ್ಪನ ಮೈಮೇಲೆ ಬಂತು. ಮರುದಿನ ಅಪ್ಪ ಭಂಡಾರದ ಚೀಲ ಹಿಡಿದು ಹರಗೋಲಿನಲ್ಲಿ ಕೂತ. ಅಕ್ಕ ಅತ್ತಿ ಮರದ ಕಾಂಡ ಒಮ್ಮೆ ಸವರಿ, ಒಂದು ಕಾಯಿ ಕಿತ್ತು ನನ್ನ ಕೈಗಿಟ್ಟಳು.

"ಆವತ್ತ ಸುಳ್ಳ ಹೇಳಿದ್ನಿ. ಈ ಸಲ ಖರೇನ ಗಿಡದಾಗ ಇಟ್ಟ ಹೊಂಟೇನಿ ತಂಗಿ."

ಹರಗೋಲು ತಿರುಗುತ್ತಾ ಹೋಯಿತು. ಒಮ್ಮೆ ಅವಳ ಮುಖ ಕಂಡರೆ ಒಮ್ಮೆ ಬೆನ್ನು ಕಾಣುತ್ತಿತ್ತು.

ಆ ಮಳೆಗಾಲ ಹೊಳೆ ದಂಡೆ ಮೀರಿತು. ಅಂಬಿಗ ಹರಗೋಲನ್ನು ಎತ್ತಿ ತನ್ನ ಮನೆಯ ಗೋಡೆಗೆ ಒರಗಿಸಿದ. ಅಕ್ಕ ತೀರಿಕೊಂಡ ಸುದ್ದಿ ಸುತ್ತುದಾರಿ ಹಿಡಿದು ನಮ್ಮನ್ನು ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟಾಗಿತ್ತು. ಜ್ವರ ಎಂದರು. ನಾವು ಮುಖ ನೋಡಲಿಲ್ಲ. ಅವ್ವ ಎಷ್ಟೋ ದಿನ ಮಳೆಯಲ್ಲೇ ದಂಡೆಗೆ ಹೋಗಿ ನಿಲ್ಲುತ್ತಿದ್ದಳು, ಆಯಿ ಕೈಹಿಡಿದು ಕರೆತರುತ್ತಿದ್ದಳು. ಅಪ್ಪ ನಮ್ಮೆದುರಿಗೆ ಅಳಲಿಲ್ಲ. ಆಮೇಲೆಯೂ ಕಂಬಳಿ ನೇಯ್ದ, ಬೀರಪ್ಪನ ಗುಡಿಗೂ ಹೋದ. ಹರಕೆಯ ಕಂಬಳಿ ಬೇಕೆಂದು ಯಾರಾದರೂ ಬಂದರೆ ಮಾತ್ರ ಬೇರೆ ಮನೆ ತೋರಿಸುತ್ತಿದ್ದ.

ನಾನು ಚಿಮ್ಮಡಕ್ಕೆ ಸೊಸೆಯಾಗಿ ಬಂದು, ನಿಮ್ಮ ಅಪ್ಪ ಹುಟ್ಟಿ, ಎಷ್ಟೋ ವರ್ಷಗಳಾದ ಮೇಲೆ ಅಪ್ಪ ಹಾಸಿಗೆ ಹಿಡಿದ. ನೋಡಲು ಹೋಗಿದ್ದೆ. ಮಧ್ಯಾಹ್ನ ಕಟ್ಟೆಯ ಮೇಲೆ ಕಂಬಳಿ ಹೊದ್ದು ಮಲಗಿದ್ದವನು, ಇದ್ದಕ್ಕಿದ್ದಂತೆ ಆ ಮಂಗ್ಯಾನ ಕಥೆ ಹೇಳು ಎಂದ. ಪಕ್ಕದಲ್ಲಿ ಕೂತು ಹೇಳಿದೆ. ಮೊಸಳೆ ತಿರುಗಿ ದಂಡೆಗೆ ಬಂತು, ಮಂಗ ನೆಗೆದು ಮರ ಹತ್ತಿತು ಎಂದಾಗ ಅಪ್ಪ ಕೈ ಎತ್ತಿ ತಡೆದ.

"ಆಗ ಗಿಡ ಏನಂತು?"

"ಗಿಡ ಏನೂ ಅನ್ನಲಿಲ್ಲಪ್ಪಾ. ಸುಮ್ಮನ ನಿಂತಿತ್ತು."

ಅಪ್ಪ ಹೊಳೆಯ ಕಡೆ ನೋಡಿದ.

"ನಾನೂ ಅಷ್ಟ ಮಾಡಿದ್ರ ಸಾಕಿತ್ತು" ಎಂದ. ಆಮೇಲೆ ಗೋಡೆಯ ಕಡೆ ಹೊರಳಿದ.

ಆ ಅತ್ತಿ ಮರ ಈಗಿಲ್ಲ. ಅಣೆಕಟ್ಟಿನ ಹಿನ್ನೀರು ಹಳೆಯ ದಂಡೆಯನ್ನೇ ನುಂಗಿತು. ಮಗ್ಗವನ್ನು ಗೆದ್ದಲು ತಿಂದಿತು. ಅಂಬಿಗನ ಮಕ್ಕಳು ಬೇರೆ ಕೆಲಸ ಹಿಡಿದರು. ಹೊಳೆಗೆ ಸೇತುವೆಯಾಗಿದೆ, ಬಸ್ಸಿನಲ್ಲಿ ಕೂತು ಉಡಿಯ ಶೇಂಗಾ ತಿಂದು ಮುಗಿಯುವುದರೊಳಗೆ ಅಕ್ಕನ ಊರು ಬರುತ್ತದೆ. ಮೊನ್ನೆ ದಾಟುವಾಗ ಕಿಟಕಿಯಿಂದ ಬಹಳ ಹುಡುಕಿದೆ. ಮರವಿದ್ದ ಜಾಗ ಇದೇ ಎಂದು ಹೇಳಲಾಗಲಿಲ್ಲ, ಎಲ್ಲ ಒಂದೇ ನೀರು. ಅಕ್ಕನ ಮುಖ ಕಂಡವರಲ್ಲಿ ಉಳಿದವಳು ನಾನೊಬ್ಬಳೇ.

ನನ್ನ ಮೊಮ್ಮಕ್ಕಳೇ, ನೀವೂ ಒಂದು ದಿನ ಬೇರೆ ಬೇರೆ ಮನೆ ಸೇರುತ್ತೀರಿ. ಎಂದಾದರೂ ಹೇಳದೆ ಕೇಳದೆ ಬಂದು ನನ್ನ ಬಾಗಿಲಲ್ಲಿ ನಿಲ್ಲುವಂತಾದರೆ, ನೆವ ಹುಡುಕಬೇಡಿ. ಗುಂಡಿಗಿ ಗಿಡದಾಗ ಐತಿ ಆಯಿ ಎಂದರೆ ಸಾಕು. ನಾನು ಏನೂ ಕೇಳುವುದಿಲ್ಲ. ಎದ್ದು ಒಲೆ ಹೊತ್ತಿಸುತ್ತೇನೆ.