ಗೌರಮ್ಮ ಮಿಸ್ಸಿನ ಎಡೆಯಲ್ಲಿ ಹಾಗಲಕಾಯಿ

ಉಲ್ಲಾಳದ ನಮ್ಮ ಮನೆಯ ತಾರಸಿಯಲ್ಲಿ, ಹೆಂಡತಿ ಹಳೆಯ ಪೇಂಟ್ ಡಬ್ಬದಲ್ಲಿ ನೆಟ್ಟ ಹಾಗಲ ಬಳ್ಳಿಯೊಂದು ನೀರಿನ ಪೈಪನ್ನು ತಬ್ಬಿಕೊಂಡು ಟ್ಯಾಂಕಿನವರೆಗೂ ಏರಿದೆ. ದಿನಾ ನೀರು ಹಾಕುವವನು ನಾನೇ. ಆದರೆ, ಸ್ನೇಹಿತರೇ, ಅದರ ಕಾಯನ್ನು ಇತ್ತೀಚಿನವರೆಗೆ ನಾಲಿಗೆಗೆ ಸೋಕಿಸಿದವನಲ್ಲ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಡಾಕ್ಟರು ಹೇಳಿದರು, ಹೆಂಡತಿ ಗದರಿದಳು, ನಾನು ಜಗ್ಗಲಿಲ್ಲ. ಮುದುಕನಿಗೆ ಕಹಿಯೆಂದರೆ ಭಯ ಎಂದು ಎಲ್ಲರೂ ನಕ್ಕರು. ನನ್ನ ಭಯ ಕಹಿಯದಲ್ಲ, ಗೌರಮ್ಮ ಮಿಸ್ಸಿನದು.

ಮೂರನೇ ಕ್ಲಾಸಿನಲ್ಲಿ ಅವರು ನಮ್ಮ ಟೀಚರು. ಆಗಿನ ರಾಜಾಜಿನಗರದಲ್ಲಿ ಮನೆಗಳಿಗಿಂತ ಬೇಲಿಗಳು ಹೆಚ್ಚು, ಬೇಲಿ ಬೇಲಿಗೂ ಹಾಗಲ ಬಳ್ಳಿ. ಒಮ್ಮೆ ಪಾಠದ ನಡುವೆ ನನ್ನ ಬುಗುರಿಯನ್ನು ಅವರು ಕಿತ್ತಿಟ್ಟುಕೊಂಡರು. ಬುಗುರಿ ಹೋದವನಿಗೆ ಲೋಕವೇ ಹೋದಂತೆ. ಪ್ರಾರ್ಥನೆಯ ಹೊತ್ತಿನಲ್ಲಿ ನುಸುಳಿ, ಅವರ ಊಟದ ಡಬ್ಬಿಯಲ್ಲಿದ್ದ ಚಿತ್ರಾನ್ನದೊಳಗೆ ಹಸಿ ಹಾಗಲಕಾಯಿಯ ಚೂರುಗಳನ್ನು ಹುದುಗಿಸಿಟ್ಟೆ.

ಮಧ್ಯಾಹ್ನ ಮೊದಲ ತುತ್ತಿಗೇ ಅವರ ಕಣ್ಣಲ್ಲಿ ನೀರು. ಅದೇ ಗಳಿಗೆಗೆ ಬಾಗಿಲಲ್ಲಿ ಹೆಡ್ಮಾಸ್ಟರು, ಅವರ ಕೈಯಲ್ಲಿ ಬೆತ್ತ.

"ಏನಾಯ್ತು ಗೌರಮ್ಮ?"

ಮಿಸ್ಸು ಗಟಕ್ಕನೆ ನುಂಗಿದರು. "ಏನಿಲ್ಲ ಸಾರ್. ಯಾವುದೋ ಮಗು ಪ್ರೀತಿಯಿಂದ ಹಾಗಲಕಾಯಿ ತಂದಿಟ್ಟಿದೆ. ನನಗೆ ಹಾಗಲಕಾಯಿ ಅಂದ್ರೆ ಪ್ರಾಣ!"

ಬೆನ್ನು ಉಳಿಯಿತೆಂದು ನಾನು ಹಿಗ್ಗಿದೆ. ಆದರೆ ಮಕ್ಕಳ ಕಿವಿಗೆ ಬಿದ್ದ ಮಾತು ಬೇಲಿಗೆ ಬಿದ್ದ ಬೀಜದಂತೆ. ಮರುದಿನವೇ ಮೇಜಿನ ಮೇಲೆ ಹಾಗಲಕಾಯಿಯ ಗುಡ್ಡೆ. ಮುಂದಿನ ವರ್ಷದವರಿಗೂ ಸುದ್ದಿ ದಾಟಿತು. ಮಿಸ್ಸಿನ ಮದುವೆಗೆ ಬುಟ್ಟಿ ತುಂಬ ಹೋಯಿತು, ಬಾಣಂತನಕ್ಕೆ ಒಣಗಿಸಿದ್ದು ಹೋಯಿತು, ರಿಟೈರಾದ ದಿನ ಶಾಲುಹಾರದ ಜೊತೆಗೆ ಚೀಲವೇ ಹೋಯಿತು. ಪ್ರೀತಿಯೆಂಬುದು ಬಹಳ ಸೋಮಾರಿ. ಒಬ್ಬರಿಗೆ ಏನಿಷ್ಟವೆಂದು ಒಮ್ಮೆ ಕೇಳಿಸಿಕೊಂಡರೆ ಸಾಕು, ಮತ್ತೆ ಕೇಳುವ ಗೋಜಿಗೇ ಹೋಗುವುದಿಲ್ಲ. ಎಷ್ಟೋ ಸಲ ಅವರೆದುರು ಸತ್ಯ ಹೇಳಲೆಂದು ಹೋಗಿ, ಕಾಫಿ ಕುಡಿದು ಬಂದೆ.

ಹೋದ ತಿಂಗಳು ಮಿಸ್ಸು ತೀರಿಕೊಂಡರು. ಹೆಗ್ಗನಹಳ್ಳಿಯಲ್ಲಿ ಮಗನ ಮನೆಯ ಮಹಡಿಯ ಮೇಲೆ ಶಾಮಿಯಾನ ಹಾಕಿ ಹನ್ನೊಂದನೇ ದಿನದ ಕಾರ್ಯ ಮಾಡಿದರು. ಫೋಟೋದ ಮುಂದೆ ಬಾಳೆಯೆಲೆಯ ಎಡೆ, ಅದರಲ್ಲಿ ಸತ್ತವರಿಗೆ ಇಷ್ಟವಾದ ತಿನಿಸೆಲ್ಲ ಬಡಿಸುವುದು ಪದ್ಧತಿ. ಎಲೆಯ ನಟ್ಟನಡುವೆ ರಾಜಗಾಂಭೀರ್ಯದಿಂದ ಕೂತಿತ್ತು ಹಾಗಲಕಾಯಿ ಗೊಜ್ಜು.

ಮಿಸ್ಸಿನ ತಂಗಿ ರತ್ನಮ್ಮ ಅದನ್ನು ನೋಡಿ ಸಿಡಿದರು. "ಯಾರೋ ಇದನ್ನ ಇಟ್ಟಿದ್ದು? ಚಿಕ್ಕಂದಿನಲ್ಲಿ ಹಾಗಲಕಾಯಿ ಕಂಡ್ರೆ ಅಕ್ಕ ಊಟ ಬಿಟ್ಟು ಏಳ್ತಿದ್ಲು!"

"ಏನ್ ಚಿಕ್ಕಮ್ಮ ನೀವು," ಎಂದ ಮಗ. "ನಾನು ಬೆಳೆದಿದ್ದೇ ಹಾಗಲಕಾಯಿ ತಿಂದು. ಅಮ್ಮನೂ ದಿನಾ ತಿಂತಿದ್ರು."

ಹಳೆಯ ಶಿಷ್ಯರೆಲ್ಲ ಅವನ ಕಡೆಗೇ ಸೇರಿದರು. ಮಂಗಳಾರತಿಯ ತಟ್ಟೆ ಹತ್ತಿರ ಬರುತ್ತಿತ್ತು. ಬದುಕಿದ್ದಷ್ಟು ದಿನ ತಿನ್ನಿಸಿದ್ದಾಯಿತು, ಸತ್ತ ಮೇಲೂ ತಿನ್ನಿಸಲೇ? ಎದ್ದು ನಿಂತೆ. "ತಪ್ಪು ನಂದು, ರತ್ನಮ್ಮನೋರೆ," ಎಂದು ಬುಗುರಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ.

ಬೈಗುಳಕ್ಕೆ ತಲೆ ತಗ್ಗಿಸಿದ್ದವನಿಗೆ ಕೇಳಿಸಿದ್ದು ರತ್ನಮ್ಮನವರ ನಗು. "ಅದು ನೀನೇನಪ್ಪ? ಆವತ್ತು ಎಲ್ಲ ಮಕ್ಕಳೂ ನನ್ನ ಮುಖ ನೋಡ್ತಿದ್ರೆ ಒಬ್ಬ ಮಾತ್ರ ನೆಲ ನೋಡ್ತಿದ್ದ ಅಂತಿದ್ಲು ಅಕ್ಕ. ಅವನು ಬಂದು ಒಪ್ಕೊಳ್ಳೋವರೆಗೂ ತಿಂತೀನಿ ಅಂತ ಹಟ ಅವಳಿಗೆ. ಎಷ್ಟು ಲೇಟಾಗಿ ಬಂದ್ಯೋ ಮಾರಾಯ!"

ಅವರು ಎಡೆಯಿಂದ ಗೊಜ್ಜನ್ನು ತೆಗೆದು, "ಇನ್ನು ಸಾಕು ಬಿಡಕ್ಕ," ಎಂದು ಫೋಟೋಗೆ ಹೇಳಿ, ಆ ಜಾಗದಲ್ಲಿ ಒಂದು ಹೋಳಿಗೆ ಇಟ್ಟರು. ಪಂಕ್ತಿಗೆ ಕೂತಾಗ ಗೊಜ್ಜು ನನ್ನ ಎಲೆಗೆ ಬಂತು, ಒಂದು ಸೌಟು ಹೆಚ್ಚೇ. ಕಣ್ಣಲ್ಲಿ ನೀರು ಬಂದದ್ದು ಕಹಿಗೆಂದು ಪಕ್ಕದವರು ತಿಳಿದರು. ತಿಳಿಯಲಿ ಎಂದು ಇನ್ನೊಂದು ತುತ್ತು ಕಲಸಿಕೊಂಡೆ.

ಮಾರನೆಯ ಬೆಳಿಗ್ಗೆ ತಾರಸಿಯ ಬಳ್ಳಿಗೆ ನೀರು ಹಾಕಿ, ಒಂದು ಕಾಯಿ ಕಿತ್ತು ಅಡುಗೆಮನೆಗೆ ತಂದೆ. "ಪಲ್ಯ ಮಾಡು. ಬೆಲ್ಲ ಹಾಕ್ಬೇಡ."

ಹೆಂಡತಿ ಬೆರಗಾಗಿ ನೋಡಿದಳು. "ಕೊನೆಗೂ ಯಾವ ಡಾಕ್ಟ್ರ ಮಾತು ಕೇಳಿದ್ರಿ?"

"ಡಾಕ್ಟ್ರಲ್ಲ ಕಣೇ," ಎಂದೆ. "ಮೂರನೇ ಕ್ಲಾಸ್ ಮಿಸ್ಸು."